ದೊಡ್ಡ ಗಡಿಯಾರ ನಿಂತರೆ ನಮಗೇನು?



ಹೋದ ರಜೆಯಲ್ಲಿ ಮೈಸೂರಿಗೆ ಹೋಗಿದ್ದಾಗ ಅಪ್ಪ ನನ್ನ ಮಗಳನ್ನು ದೊಡ್ಡ ಗಡಿಯಾರದ ಮುಂದೆ ನಿಲ್ಲಿಸಿ, "ಟೈಮೆಷ್ಟು ಹೇಳು ಪುಟ್ಟಿ" ಅಂದರು. ಅವಳು ತಲೆಯೆತ್ತಿ ನೋಡಿ, "ತಾತಾ, ಇದರಲ್ಲಿ ನಂಬರ್ರೇ ಇಲ್ಲ, ಬರೀ ಡಿಸೈನ್ ಇದೆ" ಅಂದಳು. ಅವಳಿಗೆ ಹೇಳಿಕೊಡಲು ಹೋದ ನಾನೂ ೬ ಯಾವುದು, ೭ ಯಾವುದು ಎಂದು ತಡವರಿಸಿದೆ. ನಾಚಿಕೆಯಾಯಿತು.

ಈ ಗೋಪುರ ಎದ್ದದ್ದು 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ. ಕಟ್ಟಿಸಿದವರು ಅರಮನೆಯ ನೌಕರರು. ಎತ್ತರ 75 ಅಡಿ. ಹತ್ತಿರದಲ್ಲೇ ಇರುವ ಚಿಕ್ಕ ಗಡಿಯಾರ 1886ರಲ್ಲಿ ಬಂದ ವೈಸರಾಯ್ ಡಫರಿನ್ ನೆನಪಿನದ್ದು. ದೊಡ್ಡದು ನಮ್ಮವರು ನಮ್ಮ ದೊರೆಗೆ ಕೊಟ್ಟ ಕಾಣಿಕೆ, ಅದರ ಮುಖದ ಮೇಲಿರುವುದು ಕನ್ನಡ ಅಂಕಿಗಳು! ಹೊಸ ಯಂತ್ರಕ್ಕೆ ಕನ್ನಡ ಒಗ್ಗುವುದಿಲ್ಲ ಅನ್ನುವವರಿಗೆ ಆ ಕಾಲದವರೇ ಉತ್ತರ ಕೊಟ್ಟಿದ್ದಾರೆ.

"ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಆ ಗಡಿಯಾರ ಯಾರಿಗೆ ಬೇಕು?" ಅಂತ ಕೇಳುವವರಿದ್ದಾರೆ. ಸ್ವಾಮಿ, ಮೊಬೈಲಿನಲ್ಲೂ ಕನ್ನಡ ಅಂಕಿಗಳಿವೆ, ಯೂನಿಕೋಡ್ ಎಂದೋ ಜಾಗ ಕೊಟ್ಟಿದೆ. ಬಳಸುವವರು ಎಷ್ಟು ಜನ? ದಿನವೂ ಕಣ್ಣಿಗೆ ಬೀಳದ ಅಂಕಿ ಯಾವ ಫಾಂಟಿನಲ್ಲಿದ್ದರೂ ಸತ್ತಂತೆಯೇ. ಊರ ನಡುವೆ ಅದನ್ನು ಬದುಕಿಸಿಟ್ಟಿರುವುದು ಈ ಗೋಪುರ.

ಆದರೆ ಗೋಪುರವನ್ನು ಉಳಿಸುವವರು ಯಾರು? ಅಲ್ಲಿಂದ ನಡೆದು ಹೋಗುವಷ್ಟು ದೂರದ ಲ್ಯಾನ್ಸ್‌ಡೌನ್ ಕಟ್ಟಡ 2012ರಲ್ಲಿ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಹಳೆಯ ಕಟ್ಟಡಗಳು ಒಂದೇ ದಿನದಲ್ಲಿ ಬೀಳುವುದಿಲ್ಲ. ಮಳೆನೀರು ಇಳಿಯುತ್ತದೆ, ಬಿರುಕಿನಲ್ಲಿ ಅರಳಿ ಗಿಡ ಬೇರು ಬಿಡುತ್ತದೆ, ಸುಣ್ಣದ ಗಾರೆಯ ಮೇಲೆ ಯಾರೋ ಸಿಮೆಂಟ್ ಮೆತ್ತಿ ತೇವವನ್ನು ಒಳಗೇ ಕಟ್ಟಿಹಾಕುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಬಗ್ ರಿಪೋರ್ಟ್ ಆಗಿ ವರ್ಷಗಳಾದರೂ ಫಿಕ್ಸ್ ಮಾಡದ ಸಿಸ್ಟಮ್ ಇದು. ಕ್ರ್ಯಾಶ್ ಆದ ಮೇಲೆ "ಹಳೇದು, ಕೆಡವಿಬಿಡಿ" ಅನ್ನುವುದು ಸುಲಭ.

ಹಬ್ಬಕ್ಕೊಮ್ಮೆ ಬಣ್ಣ ಬಳಿದು ದೀಪ ಹಾಕಿದರೆ ಅದು ಸಂರಕ್ಷಣೆಯಲ್ಲ. ಪ್ರತಿವರ್ಷ ಕಟ್ಟಡದ ತಪಾಸಣೆ ಆಗಬೇಕು, ವರದಿ ಕನ್ನಡದಲ್ಲೇ ಜನರ ಮುಂದೆ ಬರಬೇಕು, ಗಡಿಯಾರದ ನಿರ್ವಹಣೆಗೆ ಬಜೆಟ್‌ನಲ್ಲಿ ಹಣವಿರಬೇಕು. ಬಿರುಕು ಮುಚ್ಚುವವರಿಗೆ ಸುಣ್ಣದ ಗಾರೆಯ ಕೆಲಸ ಗೊತ್ತಿರಬೇಕು.

ದೂರದಲ್ಲಿರುವ ನಾವೇನು ಮಾಡಬಹುದು? ಫೋಟೋ ಫಾರ್ವರ್ಡ್ ಮಾಡಿ ನಿಟ್ಟುಸಿರು ಬಿಟ್ಟರೆ ಸಾಲದು. ಊರಲ್ಲಿರುವ ಅಣ್ಣನೋ ಗೆಳತಿಯೋ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಬಹುದು: ಕೊನೆಯ ತಪಾಸಣೆ ಯಾವಾಗ ಆಯಿತು, ಖರ್ಚೆಷ್ಟು? ಅರ್ಜಿ ಬರೆದುಕೊಡುವುದು ನಮ್ಮ ಕೆಲಸವಾಗಲಿ.

ಇನ್ನೊಂದು ಕೆಲಸಕ್ಕೆ ಯಾರ ಅನುಮತಿಯೂ ಬೇಡ. ನಾನು ಅಡುಗೆಮನೆಯ ಗಡಿಯಾರಕ್ಕೆ ೧ರಿಂದ ೧೨ರವರೆಗೆ ಅಂಟಿಸಿದ್ದೇನೆ. ಮಗಳು ಈಗ ತಡವರಿಸುವುದಿಲ್ಲ. ಮುಂದಿನ ಸಲ ತಾತ ಕೇಳಿದಾಗ ಅವಳು ಟೈಮ್ ಹೇಳುತ್ತಾಳೆ. ಆಗ ಆ ಗಡಿಯಾರವೂ ಸರಿಯಾದ ಟೈಮ್ ತೋರಿಸುತ್ತಿರಬೇಕು, ಅಷ್ಟೇ.

ಸಿರಿಗನ್ನಡಂ ಗೆಲ್ಗೆ!