ಜ್ವರ ಇಳಿಯುವ ಹೊತ್ತಿನ ಎಚ್ಚರ

ಬಸವಕಲ್ಯಾಣ, ಹುಮನಾಬಾದ್ ಭಾಗದ ಸದ್ಭಕ್ತರು ಡೆಂಗಿ ಜ್ವರವೆಂದು ತಿಳಿದೊಡನೆ ರೋಗನಿರೋಧಕ ಶಕ್ತಿ ಹೆಚ್ಚಿಸುವ ಕಷಾಯವನ್ನು ಕೇಳಿಕೊಂಡು ಬರುತ್ತಾರೆ. 2024ರಲ್ಲಿ ರಾಜ್ಯ ಸರಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ಮೇಲಂತೂ ಈ ಬೇಡಿಕೆ ಸಹಜವೇ. ಆದರೂ ನಾವು ಇದನ್ನು ಒಪ್ಪುವುದಿಲ್ಲ. ಡೆಂಗಿಯಲ್ಲಿ ಜೀವಕ್ಕೆ ಎರವಾಗುವುದು ಆ ಶಕ್ತಿಯ ಕೊರತೆಗಿಂತ ಹೆಚ್ಚಾಗಿ ಅದು ದಿಕ್ಕುತಪ್ಪಿ ಕೆರಳುವುದು.

ವೈರಾಣು ಹೊಕ್ಕ ಜೀವಕೋಶಗಳು ಎನ್‌ಎಸ್‌1 ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತವೆ. ದೇಹದ ರಕ್ಷಕ ಕೋಶಗಳ ಮೇಲ್ಮೈಯಲ್ಲಿ ಟಿಎಲ್‌ಆರ್‌4 ಎಂಬ ಗ್ರಾಹಕವಿದೆ. ಬ್ಯಾಕ್ಟೀರಿಯಾಗಳ ಹೊರಕವಚದ ವಿಷವನ್ನು ಗುರುತಿಸುವುದು ಅದರ ಕಾಯಕ. ಎನ್‌ಎಸ್‌1 ಕೂಡ ಅದನ್ನೇ ಕೆರಳಿಸುತ್ತದೆಂದು 2015ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿದವು. ಆಗ ಕೋಶಗಳು ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತವೆ. ಸೂಕ್ಷ್ಮ ರಕ್ತನಾಳಗಳು ಸಡಿಲಗೊಂಡು ರಕ್ತದ ನೀರಿನಂಶ ಹೊರಕ್ಕೆ ಸೋರುತ್ತದೆ. ಹಿಂದೊಮ್ಮೆ ಡೆಂಗಿ ಬಂದವರಿಗೆ ಬೇರೊಂದು ಬಗೆಯ ಡೆಂಗಿ ತಗಲಿದರೆ ಅಪಾಯ ಇನ್ನೂ ಹೆಚ್ಚು. ಈ ಸೋರಿಕೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ, ಜ್ವರ ಇಳಿಯುವಾಗ. ಗುಣವಾಯಿತೆಂದು ಮನೆಯವರು ನಿರಾಳರಾಗುವ ಹೊತ್ತೂ ಅದೇ.

ಅಮೃತಬಳ್ಳಿಯ ಮೇಲೆ ನಮಗೆ ಗೌರವವಿದೆ. ಆದರೆ ಸೋರುವ ನಾಳವನ್ನು ಅದಾಗಲಿ ಪಪ್ಪಾಯಿ ಎಲೆಯ ರಸವಾಗಲಿ ಮುಚ್ಚುತ್ತದೆಂಬುದಕ್ಕೆ ಆಧಾರವಿಲ್ಲ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಪರು ಕಂಡರೆ ರಾತ್ರಿಯಾದರೂ ಸರಿಯೆ, ತಾಲ್ಲೂಕು ಆಸ್ಪತ್ರೆಗೆ, ಅಗತ್ಯವಿದ್ದರೆ ಬೀದರಿನ ಬ್ರಿಮ್ಸ್‌ಗೆ ಒಯ್ಯಬೇಕು. ಅಲ್ಲಿ ಅಳೆದು ಏರಿಸುವ ಸಲೈನು ಪ್ರಾಣ ಉಳಿಸುತ್ತದೆ. ಮೈಕೈ ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ಗುಳಿಗೆಗಳನ್ನು ಮಾತ್ರ ಕೊಡಲೇಬಾರದು. ರಕ್ತಸ್ರಾವವನ್ನು ಅವು ಹೆಚ್ಚಿಸುತ್ತವೆ.