ಚಾರ್ಟ್ ಆಗದ ವೇಟಿಂಗ್ ಲಿಸ್ಟು

2025ರ ಮೇ ತಿಂಗಳು. ತೇರದಾಳದ ನಮ್ಮ ಮನೆ ಪಡಸಾಲೆಯಲ್ಲಿ ಕೂತು ದಿನಕ್ಕೆ ನಲವತ್ತು ಸಲ ಒಂದೇ ವೆಬ್‌ಸೈಟು ರಿಫ್ರೆಶ್ ಮಾಡ್ತಿದ್ದೆ. ವೇಟಿಂಗ್ ಲಿಸ್ಟ್ 61. ಮೂರು ದಿನ ಬಿಟ್ಟು 44. ಆಮೇಲೆ 27. ಅಲ್ಲಿಗೆ ಬಂದು ನಿಂತಿದ್ದು ಹತ್ತು ದಿನವಾದರೂ ಅಲ್ಲಾಡಲಿಲ್ಲ.

"ಏನವಾ, ಸೀಟ್ ಸಿಕ್ತೋ ಇಲ್ಲೋ?" ಅಪ್ಪ ಕೇಳಿದ.

"ಇಲ್ಲ ಅಂದಿಲ್ಲಪಾ. ವೇಟಿಂಗ್‌ನ್ಯಾಗ ಐತಿ."

"ಆರ್‌ಎಸಿ ಕೊಡಂಗಿಲ್ಲೇನ ಅವ್ರು? ಕುಂತರ ಹೋಗಬಹುದಿತ್ತು."

ಮೊದಲ ಸಲ ಕೆಲಸಕ್ಕೆ ಸೇರುವಾಗ ಕುಡಚಿ ಸ್ಟೇಷನ್ನಿನಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿಸಿಕೊಂಡು ನನ್ನನ್ನ ಬೆಂಗಳೂರಿಗೆ ಬಿಟ್ಟು ಬಂದವನು ಅಪ್ಪನೇ. ವೇಟಿಂಗ್ ಅಂದರೆ ಅವನಿಗೆ ಗೊತ್ತಿರೋದು ರೈಲಿನದು. (ನಮ್ಮ ಕಡೆ ರೈಲೇ ವೇಟಿಂಗ್ ಲಿಸ್ಟಿನಲ್ಲಿದೆ ಬಿಡಿ. ಬಾಗಲಕೋಟೆ–ಕುಡಚಿ ಮಾರ್ಗ ಮಂಜೂರಾದಾಗ ನಾನಿನ್ನೂ ಕನ್ನಡ ಸಾಲಿಯಲ್ಲಿದ್ದೆ.) ಆದರೆ ರೈಲಿಗೆ ಹೊರಡೋ ಮುಂಚೆ ಚಾರ್ಟ್ ಆಗುತ್ತೆ, ಹತ್ತೋದೋ ಇಳಿಯೋದೋ ತಿಳಿದುಹೋಗುತ್ತೆ. ನನ್ನ ಲಿಸ್ಟಿಗೆ ಚಾರ್ಟ್ ಯಾವತ್ತು ಅಂತ ಹೇಳೋರೇ ಇರಲಿಲ್ಲ.

ಹೆಮ್ಮೆಯಿಂದಲ್ಲ, ಲೆಕ್ಕಕ್ಕೆ ಹೇಳ್ತೀನಿ: ಎಸ್ಸೆಸ್ಸೆಲ್ಸಿ ಶೇ 96, ಪಿಯುಸಿ ಶೇ 94, ಎಂಜಿನಿಯರಿಂಗ್ ಡಿಸ್ಟಿಂಕ್ಷನ್, ಮೂರು ವರ್ಷ ನೌಕರಿ, ಕ್ಯಾಟ್‌ನಲ್ಲಿ 99.2 ಪರ್ಸೆಂಟೈಲ್. ಓಣಿಯವರೆಲ್ಲ ಆಗಲೇ ಪೇಢೆ ತಿಂದು ಮುಗಿಸಿದ್ದರು. 2024ರ ನವೆಂಬರ್ 24ಕ್ಕೆ ಆ ಪರೀಕ್ಷೆ ಬರೆದವರು ಸುಮಾರು 2.93 ಲಕ್ಷ ಮಂದಿ. 99.2 ಅಂದರೆ ನನ್ನ ಮುಂದೆ ಇನ್ನೂ 2,300ಕ್ಕೂ ಹೆಚ್ಚು ಜನ. ಹಳೆಯ ಹೆಸರಾಂತ ಸಂಸ್ಥೆಗಳಲ್ಲಿ ಸೀಟುಗಳ ಲೆಕ್ಕ ನೂರಾರರಲ್ಲಿ. ಮೇಲೆ ಸಂದರ್ಶನ, ಹತ್ತನೇ ಕ್ಲಾಸಿನಿಂದ ಹಿಡಿದು ಎಲ್ಲ ಅಂಕಪಟ್ಟಿ, ಅನುಭವ ಎಲ್ಲವನ್ನೂ ಒಂದೊಂದು ಸಂಸ್ಥೆ ಒಂದೊಂದು ಥರ ತೂಗುತ್ತೆ. ಊರಿಗೆ 99 ಕಾಣುತ್ತೆ, ಸಾಲು ಕಾಣಲ್ಲ.

ಪೂರ್ತಿ ಇಲ್ಲ ಅಂದಿದ್ದರೆ ಎರಡು ದಿನ ಅತ್ತು ಆಫೀಸಿಗೆ ಹೋಗ್ತಿದ್ದೆ. ವೇಟಿಂಗ್ ಹಾಗಲ್ಲ. ಉಣ್ಣುವಾಗಲೂ ತಾಟಿನ ಪಕ್ಕ ಫೋನು. ಅವ್ವ ಅಲ್ಲಮಪ್ರಭು ಗುಡಿಗೆ ಹೋಗಿ ಬಂದು ಮೊದಲು ನೋಡ್ತಿದ್ದದ್ದು ನನ್ನ ಮುಖ.

ಹೊರದೇಶಕ್ಕೆ ಅರ್ಜಿ ಹಾಕಿದವರ ಪಾಡೂ ಇದೇ. ಅಮೆರಿಕದ ಕಾಲೇಜು ಪ್ರವೇಶ ಸಲಹೆಗಾರರ ಸಂಘದ 2019ರ ವರದಿ ಪ್ರಕಾರ, ವೇಟಿಂಗ್‌ನಲ್ಲಿ ಉಳಿಯೋಕೆ ಒಪ್ಪಿದವರಲ್ಲಿ ಕೊನೆಗೆ ಸೀಟು ಸಿಕ್ಕಿದ್ದು ಸರಾಸರಿ ಶೇ 20ರಷ್ಟು ಜನಕ್ಕೆ. ತೀರಾ ಬೇಡಿಕೆಯ ಕಾಲೇಜುಗಳಲ್ಲಿ ಶೇ 7. ಅಲ್ಲಿ "ಸೀಟು ಕೊಟ್ಟರೆ ಖಂಡಿತ ಸೇರ್ತೀನಿ" ಅಂತ ಒಂದು ಪತ್ರ ಬರೆದರೆ ಓದೋರಾದರೂ ಇರ್ತಾರೆ. ನಾನೂ ಎರಡು ಪುಟದ ಮೇಲ್ ಬರೆದೆ. "ದಯವಿಟ್ಟು ವೆಬ್‌ಸೈಟ್ ನೋಡಿ" ಅಂತ ಉತ್ತರ ಬಂತು. ನೋಡ್ತಾನೇ ಇದ್ದೆನಲ್ಲ!

ಇಷ್ಟರ ನಡುವೆ ಇನ್ನೊಂದು ಕಡೆ ಸೀಟು ಕೊಟ್ಟಿದ್ದರು. ಒಳ್ಳೇ ಸಂಸ್ಥೆಯೇ, ಹೆಸರು ಮಾತ್ರ ಅಷ್ಟು ದೊಡ್ಡದಲ್ಲ. ಮೇ 26ರೊಳಗೆ ಒಂದು ಲಕ್ಷ ಕಟ್ಟಬೇಕು. ದೊಡ್ಡದು ಬಂದರೆ ಈ ದುಡ್ಡಲ್ಲಿ ಎಷ್ಟು ವಾಪಸ್ ಬರುತ್ತೆ? ನಿಯಮದ ಪುಟ ನಾಲ್ಕು ಸಲ ಓದಿದೆ. ಅಪ್ಪ ಅರ್ಧ ಕೊಡೋನಿದ್ದ. ಆದರೆ ಫೆಬ್ರವರಿಯಲ್ಲಿ ಕಳಿಸಿದ ಕಬ್ಬಿನ ಬಿಲ್ಲು ಇನ್ನೂ ಬಂದಿರಲಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು. ನಮ್ಮ ಮನೆಯಲ್ಲಿ ಆಗ ವೇಟಿಂಗ್‌ನಲ್ಲಿದ್ದೋರು ಇಬ್ಬರು.

25ರ ರಾತ್ರಿ ಹತ್ತರ ಮೇಲೆ ಅಪ್ಪ ಬ್ಯಾಟರಿ ಹಿಡಿದು ಹೊಲಕ್ಕೆ ಹೊರಟ. ತ್ರೀಫೇಸ್ ಕರೆಂಟು ಆ ವಾರ ರಾತ್ರಿಯೇ ಬರ್ತಿತ್ತು.

"ಹಿಂದಿಂದರ ಬಿಲ್ಲ ಬಂದಿಲ್ಲ. ಮತ್ತ ಅದಕ್ಕ ನೀರ ಬಿಡಾಕ ಹೊಂಟೀ ಅಲ್ಲಪಾ" ಅಂದೆ.

"ಬಿಲ್ಲ ಬರೂತನಕಾ ಕೂಳೆ ಕಬ್ಬಿಗೆ ನೀರ ಬಿಡದ ಕುಂತ್ರ ಅದು ಒಣಗತೈತಿ. ಕಾರ್ಖಾನ್ಯಾಗ ಏನ ನಡದೈತಿ ಅದಕ್ಕೇನ ಗೊತ್ತವಾ?" ಅಂತ ಚಪ್ಪಲಿ ಮೆಟ್ಟಿಕೊಂಡು ಹೋದ.

ನನ್ನ ಉಳಿತಾಯದಿಂದಲೇ ಒಂದು ಲಕ್ಷ ಕಟ್ಟಿದೆ. ಖಾತೆಯಲ್ಲಿ ಉಳಿದದ್ದು ಎಂಟು ಸಾವಿರ ಚಿಲ್ಲರೆ. ಆಮೇಲೆ ಇನ್ನೊಂದು ನೆನಪಾಯ್ತು. ಮೂರನೇ ಒಂದು ಸಂಸ್ಥೆಯ ಸೀಟನ್ನೂ ಏಪ್ರಿಲ್‌ನಿಂದ ಹಿಡಿದಿಟ್ಟುಕೊಂಡಿದ್ದೆ. ಸೇರುವ ಮನಸ್ಸಿರಲಿಲ್ಲ, "ಇರಲಿ, ಏನಾಗುತ್ತೆ" ಅಂತ. ಇಪ್ಪತ್ತೇಳನೇ ನಂಬರಿಗೆ ಕೂತು ಮುಂದಿನವರನ್ನೆಲ್ಲ ಬಯ್ತಿದ್ದ ನಾನು, ಬೇರೆ ಸಾಲಿನಲ್ಲಿ ಯಾರದೋ ಮುಂದೆ ಅಡ್ಡ ನಿಂತಿದ್ದೆ. ವೇಟಿಂಗ್ ನಂಬರು ನನ್ನ ಬುದ್ಧಿಯ ಅಳತೆ ಅಂದುಕೊಂಡಿದ್ದೆ. ಅದು ಇಳಿಯೋದು ಎಲ್ಲೋ ಒಬ್ಬರು ರಾತ್ರಿ ಹನ್ನೊಂದಕ್ಕೆ ಮನಸ್ಸು ಮಾಡಿ ಕ್ಯಾನ್ಸಲ್ ಒತ್ತಿದಾಗ.

ಒತ್ತಿದೆ. "ಖಚಿತವೇ?" ಅಂತ ಎರಡು ಸಲ ಕೇಳಿತು.

ನನ್ನ ನಂಬರು ಜೂನ್‌ನಲ್ಲಿ 19ಕ್ಕೆ ನಿಂತು, ಪ್ರವೇಶ ಮುಗಿದಿದೆ ಅಂತ ಒಂದು ಸಾಲಿನ ಮೇಲ್ ಬಂತು. ಅಪ್ಪನ ಬಿಲ್ಲು ಜುಲೈನಲ್ಲಿ, ಎರಡು ಕಂತಿನಲ್ಲಿ. ಆದರೆ ಮೇ 26ರ ಬೆಳಿಗ್ಗೆ ಯಾವುದೋ ಊರಿನ ಯಾವುದೋ ಪಡಸಾಲೆಯಲ್ಲಿ, ಯಾರೋ ನನ್ನ ಹಾಗೇ ರಿಫ್ರೆಶ್ ಮಾಡ್ತಿದ್ದವರ ನಂಬರು ಒಂದು ಕೆಳಗಿಳಿದಿರಬೇಕು.