‘ರಿಸ್ಟೋರ್ಡ್ ಅಂಡ್ ಅಪ್‌ಗ್ರೇಡೆಡ್’ ಅಂದ್ರೆ ಯಾವ್ದು ಸ್ವಾಮೀ?

ಹಳೇ ಜೀಪುಗಳ ಮಾರಾಟದ ಜಾಹೀರಾತು ಓದೋದು ನನಗೊಂದು ಚಟ. ಕೊಳ್ಳೋಕೆ ದುಡ್ಡಿಲ್ಲ, ನಿಲ್ಲಿಸೋಕೆ ಜಾಗ ಇಲ್ಲ, ಆದ್ರೂ ಓದ್ತೀನಿ. ಎಲ್ಲಾ ಕಡೆ ಒಂದೇ ಸಾಲು: "ಕ್ಲಾಸಿಕ್ ವಿಲ್ಲೀಸ್, ಫೋರ್ ಬೈ ಫೋರ್, ಫುಲ್ಲಿ ರಿಸ್ಟೋರ್ಡ್ ಅಂಡ್ ಅಪ್‌ಗ್ರೇಡೆಡ್." ಇದನ್ನ ಓದಿದಾಗಲೆಲ್ಲ ನನಗೊಂದು ತಕರಾರು. ಹಂಚಿನ ಮನೆಯ ಒಡೆದ ಹಂಚು ಬದಲಾಯಿಸೋದು ಒಂದು, ಹಂಚು ತೆಗೆದು ಆರ್‌ಸಿಸಿ ಹಾಕೋದು ಇನ್ನೊಂದು. ಎರಡೂ ತಪ್ಪಲ್ಲ. ಆದ್ರೆ ಎರಡನ್ನೂ ಒಂದೇ ಬಾಯಲ್ಲಿ ಹೇಳಿ ಎರಡರ ರೇಟೂ ಕೇಳಿದ್ರೆ?

ಎರಡನೇ ಮಹಾಯುದ್ಧಕ್ಕೆ ವಿಲ್ಲೀಸ್ ಮತ್ತು ಫೋರ್ಡ್ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ವು. 2.2 ಲೀಟರ್ ಪೆಟ್ರೋಲ್ ಇಂಜಿನ್, ಬರೀ 60 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಆಮೇಲೆ ಮಹೀಂದ್ರದವರು ಎತ್ತರದ ಬಾನೆಟ್ಟಿನ ಸಿಜೆ3ಬಿ ಜೀಪನ್ನ ದಶಕಗಳ ಕಾಲ ಇಲ್ಲೇ ಮಾಡಿದ್ರು. ಮೂಡಿಗೆರೆ, ಸಕಲೇಶಪುರ, ಮಡಿಕೇರಿ ಕಡೆಯ ತೋಟಗಳಲ್ಲಿ ಗೊಬ್ಬರದಿಂದ ಹಿಡಿದು ಬಾಣಂತಿವರೆಗೆ ಎಲ್ಲಾ ಹೊತ್ತಿದ್ದು ಇಂಥವೇ. ನಮ್ಮ ಜನ ‘ಜೀಪು’ ಅಂದ್ರೆ ಪ್ರೀತಿ ಇಟ್ಕೊಂಡಿರೋದು ಅದಕ್ಕೇ.

ಈ ಪ್ರೀತಿಯನ್ನೇ ಮಾರೋರೂ ಇದ್ದಾರೆ. ಹರಿಯಾಣದ ಮಂಡಿ ಡಬ್ವಾಲಿ ತೆರೆದ ಜೀಪುಗಳನ್ನ ಕಟ್ಟಿಕೊಡೋ ಗ್ಯಾರೇಜುಗಳಿಗೆ ಹೆಸರುವಾಸಿ. ಹೊಸ ತಗಡು, ತಗ್ಗು ಬಾನೆಟ್ಟು, ಹಸಿರು ಬಣ್ಣ, ಮೇಲೊಂದು ಬಿಳಿ ನಕ್ಷತ್ರ... ನೋಡೋಕೆ ಚೆಂದವೇ. ಆದ್ರೆ ಅಂಥದ್ದನ್ನ ‘1944ರ ವಿಲ್ಲೀಸ್’ ಅಂತ ಮಾರೋದು ಮೋಸ ಅಲ್ವೆ?

ಇನ್ನು ಅಪ್‌ಗ್ರೇಡ್ ವಿಷಯ. ಮೊದಲು ಹಾಕೋದು ದೊಡ್ಡ ಡೀಸೆಲ್ ಇಂಜಿನ್ನು, ಆಮೇಲೆ ಪವರ್ ಸ್ಟೀರಿಂಗು, ಅಗಲದ ಟಯರು. ಬ್ರೇಕು? ಅದೇ ಹಳೇ ಡ್ರಮ್ಮು! 60 ಅಶ್ವಶಕ್ತಿಗೆ ಅಂತ ಮಾಡಿದ ಬ್ರೇಕು, ಅದರ ಎರಡರಷ್ಟು ಶಕ್ತಿಯ ಇಂಜಿನ್ನು, ಎದುರಿಗೆ ಚಾರ್ಮಾಡಿ ಘಾಟಿಯ ಇಳಿಜಾರು. ನೆನೆಸಿಕೊಂಡ್ರೇ ಭಯ ಆಗುತ್ತೆ. ನನ್ನ ಕೇಳಿದ್ರೆ ಬ್ರೇಕು ಮೊದಲು, ಇಂಜಿನ್ನು ಕೊನೆಗೆ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿ ಪುಸ್ತಕದ ವಿವರಕ್ಕೂ ವ್ಯತ್ಯಾಸ ಬರೋ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡೀತು. 2021ರಲ್ಲಿ ಬಂದ ವಿಂಟೇಜ್ ನಿಯಮ ಇನ್ನೂ ಸ್ವಾರಸ್ಯ: 50 ವರ್ಷ ದಾಟಿದ ಗಾಡಿಗೆ ‘ವಿಎ’ ಅಕ್ಷರದ ಪ್ರತ್ಯೇಕ ನಂಬರು ಸಿಗುತ್ತೆ, ಆದ್ರೆ ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲೇ ಇರಬೇಕು. ಅಂದ್ರೆ ‘ಅಪ್‌ಗ್ರೇಡ್’ ಅಂತ ಹೆಮ್ಮೆಯಿಂದ ಬರೆದ ಆ ಇಂಜಿನ್ನೇ ವಿಂಟೇಜ್ ಪಟ್ಟ ಕಳೆಯುತ್ತೆ! ಅತ್ತ ವಿಂಟೇಜೂ ಅಲ್ಲ, ಇತ್ತ ಪಕ್ಕಾ ದಾಖಲೆಯ ಗಾಡಿಯೂ ಅಲ್ಲ. ಅಪಘಾತ ಆಗಿ ವಿಮೆಗೆ ಹೋದಾಗ ಪೇಚಾಡೋದು ಕೊಂಡವನು, ಮಾರಿದವನಲ್ಲ.

ಹಾಗಂತ ಹಳೇ ಗಾಡಿ ಮುಟ್ಟಲೇಬಾರದು ಅನ್ನೋ ಮಡಿವಂತಿಕೆ ನನಗಿಲ್ಲ. ಜೀಪು ಹುಟ್ಟಿದ್ದೇ ಕೆಲಸಕ್ಕೆ, ಶೋಕೇಸಿಗಲ್ಲ. ನನ್ನ ಬೇಡಿಕೆ ಇಷ್ಟೇ: ಮಾರೋರು ಎರಡು ಪಟ್ಟಿ ಕೊಡಲಿ. ಯಾವುದು ಮೊದಲಿನದ್ದು, ಯಾವುದು ಬದಲಾಯಿಸಿದ್ದು. ಬಿಚ್ಚಿದ ಹಳೇ ಇಂಜಿನ್ನು ಗುಜರಿಗೆ ಹೋಗದೆ ಗಾಡಿ ಜೊತೆಗೇ ಬರಲಿ. ಕೊಳ್ಳೋರು ಬಣ್ಣ ನೋಡೋ ಮೊದಲು ಬಗ್ಗಿ ಚಾಸಿ ನಂಬರ್ ನೋಡಲಿ, ಇಂಜಿನ್ ನಂಬರನ್ನ ಆರ್‌ಸಿ ಜೊತೆ ತಾಳೆ ಹಾಕಲಿ. ಪಟ್ಟಿ ಕೇಳಿದಾಗ ಮಾರೋರು ಮುಖ ತಿರುಗಿಸಿದ್ರೆ ಕೈಮುಗಿದು ವಾಪಸ್ ಬನ್ನಿ.

ನಿಮ್ಮ ಮನೆಯಲ್ಲೋ ತೋಟದಲ್ಲೋ ಹಳೇ ಜೀಪು ಇದ್ರೆ ಅದರಲ್ಲಿ ಏನು ಉಳಿಸಿಕೊಂಡಿದ್ದೀರಿ, ಏನು ಬದಲಾಯಿಸಿದ್ದೀರಿ ಅಂತ ಬರೀರಿ. ಅಂಥದ್ದು ಓದೋದೂ ನನಗೊಂದು ಚಟವೇ :)